ಹೊತ್ತು ಮುಳುಗುವ ಜಾಗ

ನಮ್ಮ ಕಡೆ ಸೀನರಿ ಇಲ್ಲ ಅನ್ನುವುದು ಬೆಂಗಳೂರಿನವರ ನಂಬಿಕೆಯಷ್ಟೇ ಅಲ್ಲ, ನಮ್ಮವರದೂ ಹೌದು. ಸೀನರಿ ಅಂದರೆ ಕೊಡಗು, ಸೀನರಿ ಅಂದರೆ ಜೋಗ, ಭಾಳ ಆಯಿತೆಂದರೆ ಗೋಕಾಕ ಫಾಲ್ಸು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂದರೆ ಕಬ್ಬು, ಸಕ್ಕರೆ ಕಾರ್ಖಾನೆ, ಸೀರೆ, ಬಿಸಿಲು. ನಾನು ಕ್ಯಾಮೆರಾ ಚೀಲ ಬೆನ್ನಿಗೇರಿಸಿ ಬೈಕ್ ಹತ್ತಿದಾಗೆಲ್ಲ ಓಣಿಯಲ್ಲಿ ಯಾರಾದರೊಬ್ಬರು "ಎಲ್ಲಿ ಮದುವಿ ಐತ್ರೀ?" ಅಂತ ಕೇಳಿಯೇ ಕೇಳುತ್ತಾರೆ. ಮದುವಿ ಅಲ್ಲರೀ, ಹೊಳಿ ಫೋಟೋ ತಗ್ಯಾಕ ಹೊಂಟೇನಿ ಅಂದರೆ ನನ್ನ ಮುಖ ನೋಡಿ, "ಹೊಳೀದೇನ್ ತಗೀತೀರಿ, ಅದ ನೀರು" ಅಂತ ಒಳಗೆ ಹೋಗುತ್ತಾರೆ.

ಅವರ ಮಾತಿನಲ್ಲಿ ತಪ್ಪೇನಿಲ್ಲ. ಅದೇ ನೀರು. ಆದರೆ ಒಂದು ಸಲ ನಕ್ಷೆ ಬಿಡಿಸಿ ನೋಡಿ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ಘಟಪ್ರಭಾ. ಎರಡೂ ಸಹ್ಯಾದ್ರಿಯಲ್ಲಿ ಹುಟ್ಟಿ, ನಮ್ಮ ನಾಲ್ಕು ತಾಲೂಕುಗಳನ್ನು ನಡುವೆ ಇಟ್ಟುಕೊಂಡು ಮೂಡಣಕ್ಕೆ ಹರಿದು, ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಒಂದಾಗುತ್ತವೆ. ಇಷ್ಟು ದೂರದಲ್ಲಿ ಕೃಷ್ಣೆಯನ್ನು ಮೂರು ಕಡೆ ನಿಲ್ಲಿಸಿದ್ದಾರೆ. ರಬಕವಿ ಮಗ್ಗುಲಿಗೆ ಹಿಪ್ಪರಗಿ ಬ್ಯಾರೇಜಿನ ಹಿನ್ನೀರು, ಜಮಖಂಡಿ ಮಗ್ಗುಲಿಗೆ ಚಿಕ್ಕಪಡಸಲಗಿ ಬ್ಯಾರೇಜಿನದು, ಬೀಳಗಿಗೆ ಬಂದರೆ ಆಲಮಟ್ಟಿಯದು. ಒಂದೂ ದೇವರು ಮಾಡಿದ ಸರೋವರ ಅಲ್ಲ. ಎಲ್ಲಾ ಕಟ್ಟಿ ನಿಲ್ಲಿಸಿದ ನೀರು. ಆದರೆ ಬೆಳಗಿನ ಆರು ಗಂಟೆಗೆ, ಗಾಳಿ ಏಳುವ ಮೊದಲು, ಯಾರು ನಿಲ್ಲಿಸಿದರು ಅಂತ ನೀರು ಹೇಳುವುದಿಲ್ಲ. ಆಕಾಶದಲ್ಲಿ ಇದ್ದದ್ದನ್ನೆಲ್ಲ ಕೆಳಗೂ ಹಾಸಿಕೊಂಡು ಮಲಗಿರುತ್ತದೆ.

ಜಾಗ ಹುಡುಕುವವರಿಗೆ ಇಲ್ಲಿ ಮೊದಲು ಅಡ್ಡ ಬರುವುದು ಕಬ್ಬು. ಸೆಪ್ಟೆಂಬರಿನಿಂದ ಕಬ್ಬು ಆಳೆತ್ತರ ದಾಟಿರುತ್ತದೆ. ಹೊಳೆ ನೂರು ಹೆಜ್ಜೆ ದೂರ ಇರುತ್ತದೆ, ನೀರಿನ ತಂಪು ಮುಖಕ್ಕೆ ಬಡಿಯುತ್ತಿರುತ್ತದೆ, ಕಾಣುವುದು ಮಾತ್ರ ಹಸಿರು ಗೋಡೆ. ಒಬ್ಬ ರೈತರನ್ನು "ಹೊಳಿಗೆ ಹಾದಿ ಎಲ್ಲೈತ್ರಿ" ಅಂದೆ. "ಕಬ್ಬ ಕಡದ ಮ್ಯಾಲ ಬರ್ರಿ, ಎಲ್ಲಾ ಹಾದೀನ" ಅಂದರು. ಕಬ್ಬು ಕಡಿದ ಮೇಲೆ ಬಂದರೆ ಆಗ ಕಾರ್ಖಾನೆಗಳು ಶುರುವಾಗಿರುತ್ತವೆ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆ ತುಂಬಾ ಸಾಲುಗಟ್ಟುತ್ತವೆ. ಸಂಜೆ ರವದಿ ಸುಟ್ಟ ಹೊಗೆ ದಿಗಂತದ ಮೇಲೆ ಚಾದರ ಹೊದಿಸುತ್ತದೆ. ಆ ಹೊಗೆಯೊಳಗೆ ಇಳಿಯುವ ಸೂರ್ಯ ತಾಮ್ರದ ತಟ್ಟೆಯಂತೆ ಕೆಂಪಗಿರುತ್ತಾನೆ, ಬರಿಗಣ್ಣಿಗೆ ಚುಚ್ಚುವುದಿಲ್ಲ. ನನ್ನ ಚೆಂದದ ಸೂರ್ಯಾಸ್ತಗಳಲ್ಲಿ ಅರ್ಧದಷ್ಟು ಈ ಹೊಗೆಯವೇ. ಫಿಲ್ಟರ್ ಯಾವುದು ಅಂತ ಕೇಳಿದವರಿಗೆ ರವದಿ ಅಂತ ಹೇಳಿದರೆ ನಂಬುವುದಿಲ್ಲ.

ಇನ್ನೊಂದು ತೊಡಕು ಸೂರ್ಯನದೇ. ಪುಸ್ತಕ ಓದಿ ಕಲಿತವರು ಇದನ್ನು ಮೊಬೈಲ್ ಆ್ಯಪಿನಲ್ಲಿ ನೋಡಿಕೊಳ್ಳುತ್ತಾರೆ, ನಾನು ದಂಡೆಯ ಮೇಲೆ ನಿಂತು ನಿಂತು ಕಲಿತೆ. ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದರಿಂದ, ಬೀಳಗಿಯ ದಂಡೆಯಲ್ಲಿ ನಿಂತರೆ ನೀರು ನಮ್ಮ ಉತ್ತರಕ್ಕೆ ಇರುತ್ತದೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದು ನಮ್ಮ ಬೆನ್ನ ಹಿಂದೆ, ಹೊಲದೊಳಗೆ ಹುಟ್ಟುತ್ತಾನೆ. ಆಗ ನೀರಿನಿಂದ ಎದ್ದು ಬರುವ ಸೂರ್ಯ ಬೇಕೆಂದರೆ ಆಚೆ ದಂಡೆಗೆ, ಕೊಲ್ಹಾರದ ಕಡೆಗೆ ಹೋಗಬೇಕು. ಹೋದರೆ ಲುಕ್ಸಾನಿಲ್ಲ, ಕೊಲ್ಹಾರದ ಮೊಸರಾದರೂ ಸಿಗುತ್ತದೆ. ಮೇ, ಜೂನಿನಲ್ಲಿ ಸೂರ್ಯ ಈಶಾನ್ಯಕ್ಕೆ ಬಂದು ಬೀಳಗಿಯ ದಂಡೆಗೆ ಸರಿಯಾಗಿ ಎದುರಾಗುತ್ತಾನೆ, ಆದರೆ ಅಷ್ಟರಲ್ಲಿ ನೀರೇ ಮೈಲು ದೂರ ಹಿಂದೆ ಸರಿದಿರುತ್ತದೆ. ಸೂರ್ಯ ಇದ್ದಾಗ ನೀರಿಲ್ಲ, ನೀರಿದ್ದಾಗ ಸೂರ್ಯ ಬೆನ್ನಿಗೆ. ಎರಡೂ ಕೂಡುವುದು ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯ ತನಕ. ಮಹಾರಾಷ್ಟ್ರದ ಮಳೆ ಬಂದು ಹಿನ್ನೀರು ತುಂಬಿರುತ್ತದೆ, ಮೋಡ ಇರುತ್ತದೆ, ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಇರುತ್ತಾನೆ. ವರ್ಷದಲ್ಲಿ ಆರು ವಾರ ಅನ್ನಿ. ಅದರಲ್ಲಿ ನನಗೆ ಸಿಗುವುದು ಆರು ರವಿವಾರ.

ರಬಕವಿ ನನ್ನೂರು, ಅದಕ್ಕೇ ಅದರ ಬಗ್ಗೆ ಹೆಚ್ಚು ಬರೆಯಲಾರೆ. ಹೊಳೆಯಾಚೆ ಮಹಿಷವಾಡಗಿ. ಸೇತುವೆಯ ಮಾತು ಹಳೆಯದು, ಅದಕ್ಕಿಂತ ಹಳೆಯದು ನಾವು ದಾಟುವ ಬೋಟು. ನಸುಕಿನಲ್ಲಿ ಮೋಟರ್ ಸೈಕಲ್ಲು, ಹಾಲಿನ ಕ್ಯಾನು, ಮನುಷ್ಯರು ಎಲ್ಲಾ ಒಟ್ಟಿಗೆ ಹತ್ತಿದ ಬೋಟು ಮಂಜಿನೊಳಗಿಂದ ಬರುವಾಗ, ಹಿಂದೆ ಊರಿನಲ್ಲಿ ಮಗ್ಗಗಳ ಸಪ್ಪಳ ಶುರುವಾಗಿರುತ್ತದೆ. ಫೋಟೋದಲ್ಲಿ ಸಪ್ಪಳ ಬರುವುದಿಲ್ಲ ಅನ್ನುವುದೊಂದೇ ನನ್ನ ತಕರಾರು. ನೀರಿನಂಚಿಗೆ ಟ್ರೈಪಾಡ್ ಊರಿ ಕೂತರೆ ಅಂಬಿಗರು ಬೈಯುತ್ತಾರೆ: "ಮೊಸಳಿ ಅದಾವರಿ, ಅಲ್ಲಿ ಕುಂಡ್ರಬ್ಯಾಡ್ರಿ." ತಮಾಷೆ ಅಲ್ಲ. ಕೃಷ್ಣೆಯಲ್ಲಿ ಮೊಸಳೆ ಇವೆ. ದಂಡೆಯ ಹೊಲಗಳಿಗೂ ಬರುತ್ತವೆ. ಲ್ಯಾಂಡ್‌ಸ್ಕೇಪ್ ಫೋಟೊಗ್ರಫಿಯಲ್ಲಿ ಮುನ್ನೆಲೆಗೆ ಏನಾದರೂ ಇರಬೇಕು ಅಂತ ಕಲಿಸುತ್ತಾರೆ, ಆ ಮುನ್ನೆಲೆ ನೀವೇ ಆಗಬಾರದು.

ಮುಧೋಳದ ಘಟಪ್ರಭೆ ಕಬ್ಬಿನ ನಡುವೆ ಸಂದಿಗೊಂದಿ ಹಿಡಿದು ಹೋಗುವ ಹೊಳೆ. ರನ್ನನ ಊರು, ಬೇಟೆನಾಯಿಯ ಊರು. ಆದರೆ ನೀರಿನ ಚಿತ್ರಕ್ಕೆ ಅಷ್ಟಾಗಿ ಒದಗುವ ಊರಲ್ಲ. ಅದು ಕ್ಯಾಮೆರಾದ ಕಣ್ಣಿಗೆ ಬೀಳುವುದು ಪ್ರವಾಹ ಬಂದಾಗ. 2019ರ ಆಗಸ್ಟಿನಲ್ಲಿ ಯಾದವಾಡ ಸೇತುವೆ ಮುಳುಗಿ, ಹೊಲ, ಮನೆ, ಗುಡಿ ಎಲ್ಲದರೊಳಗೆ ಹೊಳೆ ಹೊಕ್ಕಾಗ, ಯಾರೋ ಡ್ರೋನ್ ಹಾರಿಸಿ ತೆಗೆದ ಚಿತ್ರವೊಂದು ನಮ್ಮ ಫೋಟೋ ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಬಂತು. ಕಂದು ನೀರು, ನಡುನಡುವೆ ಹಸಿರು ತಲೆಗಳು, ಮೇಲೆ ಬಿಳಿ ಮೋಡ. ಒಬ್ಬ ಗೆಳೆಯ ತಕ್ಷಣ ಬರೆದ: "ಸೂಪರ್! ಲೊಕೇಶನ್ ಕಳಿಸಿ." ಲೊಕೇಶನ್ ಏನಂತ ಕಳಿಸುವುದು? ಯಾರದೋ ಹೊಲ. ಆ ವಾರ ನಾನು ಕ್ಯಾಮೆರಾ ಮುಟ್ಟಲಿಲ್ಲ. ಗಂಜಿ ಕೇಂದ್ರಕ್ಕೆ ನಮ್ಮ ಓಣಿಯವರು ಕಟ್ಟಿದ ರೊಟ್ಟಿ ಗಂಟು ಒಯ್ಯುವ ಕೆಲಸವೇ ಸಾಕಾಗಿತ್ತು.

ಜಮಖಂಡಿಯಲ್ಲಿ ಎಲ್ಲರೂ ರಾಮತೀರ್ಥದ ಗುಡ್ಡಕ್ಕೆ ಕಳಿಸುತ್ತಾರೆ. ಪಟವರ್ಧನರ ಅರಮನೆ ಇದೆ, ಊರು ಕೆಳಗೆ ಕಾಣುತ್ತದೆ, ಮಳೆಗಾಲದಲ್ಲಿ ಹಸಿರಿರುತ್ತದೆ. ಮದುವೆಗೆ ಮುಂಚಿನ ಫೋಟೋಶೂಟಿನವರಿಗೆ ಅದು ಸಾಕು. ನೀರು ಬೇಕಾದವರು ವಿಜಯಪುರದ ರಸ್ತೆ ಹಿಡಿದು ಚಿಕ್ಕಪಡಸಲಗಿಗೆ ಹೋಗಬೇಕು.

ಚಿಕ್ಕಪಡಸಲಗಿ ಬ್ಯಾರೇಜಿನ ಕಥೆ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಹೊಳೆ ಪಕ್ಕದಲ್ಲೇ ಹರಿದರೂ ಬೇಸಿಗೆಗೆ ಹೊಲ ಒಣಗುತ್ತಿತ್ತು. ಸರ್ಕಾರಕ್ಕೆ ಅರ್ಜಿ ಕೊಟ್ಟು ಕೊಟ್ಟು ಬೇಸತ್ತ ರೈತರು ಸಿದ್ದು ನ್ಯಾಮಗೌಡರನ್ನು ಮುಂದೆ ಮಾಡಿಕೊಂಡು, ತಾವೇ ರೊಕ್ಕ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. 'ಬ್ಯಾರೇಜ್ ಸಿದ್ದು' ಅನ್ನುವ ಹೆಸರಿನ ಬಲದಲ್ಲೇ ಅವರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಆಮೇಲೆ ಬಂದ ಆಲಮಟ್ಟಿಯ ಹಿನ್ನೀರು ಮಳೆಗಾಲದಲ್ಲಿ ಈ ಕಡೆಗೂ ಚಾಚುತ್ತದೆ. ಬೇಸಿಗೆಯಲ್ಲಿ ಆ ಹಿನ್ನೀರನ್ನೇ ಪಂಪಿನಿಂದ ಎತ್ತಿ ರೈತರು ಮತ್ತೆ ತಮ್ಮ ಬ್ಯಾರೇಜಿಗೆ ತುಂಬಿಸಿಕೊಂಡದ್ದೂ ಉಂಟು.

ಅಲ್ಲಿ ನನಗೆ ಬೇಕಾಗಿದ್ದದ್ದು ಬ್ಯಾರೇಜಿನ ಮೇಲುಗಡೆಯ ನಿಂತ ನೀರು, ಅದರಲ್ಲಿ ಬಿದ್ದ ಸಂಜೆಯ ಬಣ್ಣ. ಬ್ಯಾರೇಜನ್ನು ಫ್ರೇಮಿನಿಂದ ಹೊರಗಿಡಲು ಒದ್ದಾಡುತ್ತಿದ್ದೆ. ಕಾಂಕ್ರೀಟು ಅಡ್ಡ ಬಂದರೆ ನೋಟ ಕೆಡುತ್ತದೆ ಅಂತ. ಹೊಲದಿಂದ ಮನೆಗೆ ಹೊರಟಿದ್ದ ನಾಲ್ಕು ಮಂದಿ ನಿಂತರು. ಒಬ್ಬರು ಬಂದು ನನ್ನ ಭುಜ ಹಿಡಿದು ಮೆಲ್ಲಗೆ ತಿರುಗಿಸಿದರು. "ಈ ಕಡಿ ತಗೀರಿ. ಇದನ್ನ ನಾವು ಕಟ್ಟೇವಿ."

ನಾಲ್ವರೂ ಅದರ ಮುಂದೆ ಸಾಲಾಗಿ ನಿಂತರು. ಪಟಗ ಸರಿ ಮಾಡಿಕೊಂಡರು. ಒಬ್ಬರು "ನಮ್ಮಪ್ಪ ಇಲ್ಲಿ ಬುಟ್ಟಿ ಹೊತ್ತಾನು" ಅಂತ ಕೈ ಮಾಡಿ ತೋರಿಸಿದರು. ಅಷ್ಟರಲ್ಲಿ ಬಣ್ಣ ಹೋಯಿತು. ಆ ಸಂಜೆಯ ನನ್ನ ಕಾರ್ಡಿನಲ್ಲಿ ನೀರಿನ ಚಿತ್ರ ಮೂರು, ಅವರವು ಇಪ್ಪತ್ತೆರಡು.

ಬೀಳಗಿಯ ಕಡೆ ಹೀಗೆ ಯಾರೂ ನನ್ನ ಭುಜ ಹಿಡಿದು ತಿರುಗಿಸಿಲ್ಲ. ಕ್ಯಾಮೆರಾ ಎತ್ತಿದರೆ ಜನ ಪಕ್ಕಕ್ಕೆ ಸರಿದು, "ನಿಮ್ಮ ಕೆಲಸ ಮಾಡ್ರಿ" ಅಂತ ನಿಲ್ಲುತ್ತಾರೆ. ಇದನ್ನು ಗಮನಿಸಲು ನನಗೆ ಎರಡು ವರ್ಷ ಬೇಕಾಯಿತು.

ನೋಟದ ಲೆಕ್ಕದಲ್ಲಿ ನಾಲ್ಕೂ ತಾಲೂಕಿನಲ್ಲಿ ಬೀಳಗಿಯೇ ಶ್ರೀಮಂತ. ಊರೊಳಗೆ ಅರೆತ್ತಿನ ಬಾವಿ ಇದೆ. ಮುಧೋಳದ ಗಡಿಗೆ 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ, ಅದೃಷ್ಟ ಇದ್ದರೆ ಕುರುಚಲು ಗುಡ್ಡದ ನೆತ್ತಿಯ ಮೇಲೆ ಚಿಗರಿ ನಿಂತದ್ದು ಕಾಣುತ್ತದೆ. ಹೆದ್ದಾರಿಯಲ್ಲಿ ಅನಗವಾಡಿ ಸೇತುವೆಯಿಂದ ಘಟಪ್ರಭೆಯ ಹಿನ್ನೀರು, ಮುಂದೆ ಕೊರ್ತಿ-ಕೊಲ್ಹಾರ ಸೇತುವೆಯಿಂದ ಕೃಷ್ಣೆಯದು. ಕೊರ್ತಿಯ ಸೇತುವೆ ಮೇಲೆ ಸೆಪ್ಟೆಂಬರಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರು ಸಮುದ್ರ ಅಂದುಕೊಳ್ಳುತ್ತಾರೆ. ಮಕ್ಕಳು ಎದ್ದು ನಿಲ್ಲುತ್ತಾರೆ, ದೊಡ್ಡವರು ಚಿಲ್ಲರೆ ಕಾಸು ಎಸೆದು ಕೈ ಮುಗಿಯುತ್ತಾರೆ. ಸೇತುವೆ ಮೇಲೆ ಗಾಡಿ ನಿಲ್ಲಿಸಿ ಫೋಟೋ ತೆಗೆಯಬೇಡಿ, ಲಾರಿಗಳು ಯಾರಿಗೂ ಕಾಯುವುದಿಲ್ಲ. ಸೇತುವೆ ಮುಗಿದ ಮೇಲೆ ಹಳ್ಳಿಯ ದಾರಿ ಹಿಡಿದು ಕೆಳಗಿಳಿಯಿರಿ.

ಚಳಿಗಾಲ ಕಳೆದು ನೀರು ಇಳಿಯತೊಡಗಿದಾಗ ತೆಳುನೀರಿನ ಕೆಸರಿಗೆ ರಾಜಹಂಸಗಳು ಬರುತ್ತವೆ, ಅವೇ ಫ್ಲೆಮಿಂಗೊ. ಹೆರಕಲ್ಲಿನ ಕಡೆ ಒಮ್ಮೆ ನೂರಾರು ಒಟ್ಟಿಗೆ ನೋಡಿದ್ದೇನೆ. ತಲೆ ಕೆಳಗೆ ಮಾಡಿ ಕೆಸರು ಸೋಸುತ್ತ, ಒಂದೇ ದಿಕ್ಕಿಗೆ ನಡೆಯುತ್ತವೆ, ಪಂಕ್ತಿಯಲ್ಲಿ ಬಡಿಸುತ್ತ ಹೋದವರ ಹಾಗೆ. ಪಟ್ಟೆತಲೆಯ ಹೆಬ್ಬಾತುಗಳೂ ಹಿಮಾಲಯ ದಾಟಿ ಬಂದು ಕಡಲೆ ಹೊಲ ಮೇಯುತ್ತವೆ. ಅವು ಹಾರುವ ಚಿತ್ರ ಬೇಕು ಅಂತ ಕಲ್ಲು ಎಸೆಯುವ, ಡ್ರೋನ್ ಬಿಡುವ ಮಹಾನುಭಾವರು ಬಂದುಹೋಗುವುದರಿಂದ ಸರಿಯಾದ ಜಾಗ ನಾನು ಯಾರಿಗೂ ಹೇಳುವುದನ್ನು ಬಿಟ್ಟಿದ್ದೇನೆ. ನಿಮಗೂ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಆದರೆ ನನ್ನನ್ನು ಬೀಳಗಿಗೆ ಮತ್ತೆ ಮತ್ತೆ ಎಳೆದದ್ದು ಹಕ್ಕಿ ಅಲ್ಲ, ರಸ್ತೆ. ಹಿನ್ನೀರಿನ ಯಾವ ಹಳ್ಳಿಗೆ ಹೋದರೂ ಒಂದು ಹಳೆಯ ಡಾಂಬರು ರಸ್ತೆ ಸಿಗುತ್ತದೆ. ಎರಡೂ ಕಡೆ ಜಾಲಿ ಬೆಳೆದಿರುತ್ತದೆ. ನೆಟ್ಟಗೆ ಹೋಗಿ ಹೋಗಿ ಅದು ನೀರೊಳಗೆ ಇಳಿದುಬಿಡುತ್ತದೆ. ಆಚೆ ಒಂದಿಷ್ಟು ವಿದ್ಯುತ್ ಕಂಬಗಳ ತಲೆ, ಒಣಗಿದ ಮರಗಳು. ಚಿತ್ರ ತೆಗೆಯುವವನಿಗೆ ಇದಕ್ಕಿಂತ ಏನು ಬೇಕು? ಕಣ್ಣನ್ನು ಎಳೆದೊಯ್ಯುವ ಗೆರೆ, ನಡುವೆ ಒಂಟಿ ಮರ, ಹಿಂದೆ ಬರೀ ಬಣ್ಣ. ಗೂಗಲ್ ಅರ್ಥಿನಲ್ಲಿ ಬೇಸಿಗೆಯ ಹಳೆಯ ಚಿತ್ರಗಳನ್ನು ತೆರೆದರೆ ಕೆಸರಿನೊಳಗೆ ಈ ರಸ್ತೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದವು ಅಂತ ಕಾಣುತ್ತದೆ. ಜಾಗ ಹುಡುಕಲು ನಾನು ಮಾಡುವುದು ಅದನ್ನೇ. ಪತ್ರಿಕೆಯಲ್ಲಿ ಬರುವ ಆಲಮಟ್ಟಿಯ ನೀರಿನ ಮಟ್ಟ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆದಿಡುವುದು. 519ಕ್ಕೆ ಮರದ ಟೊಂಗೆ ಮಾತ್ರ. 516ಕ್ಕೆ ಕಾಂಡ ಅರ್ಧ, ಪ್ರತಿಬಿಂಬ ಪೂರಾ. 513ಕ್ಕೆ ಮರದ ಬುಡ, ಕೆಸರು, ಹೋಗಿ ಉಪಯೋಗ ಇಲ್ಲ. ಒಂದೊಂದು ಜಾಗಕ್ಕೆ ಒಂದೊಂದು ಮೀಟರು.

ಹಾಗೆ ಲೆಕ್ಕ ಹಾಕಿ 516ರ ದಿನ ಒಂದು ಹಳ್ಳಿಯ ದಂಡೆಗೆ ಹೋಗಿದ್ದೆ. ನೀರಿನ ನಡುವೆ ಒಣಗಿದ ಹುಣಸೆ ಮರ. ಗಾಳಿ ಇಲ್ಲ. ಹೊತ್ತು ಮುಳುಗಲು ಇನ್ನೂ ಹತ್ತು ನಿಮಿಷ. ಆಡು ಕಾಯಲು ಬಂದ ಮುದುಕರೊಬ್ಬರು ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತ ಬಂದು ಹಿಂದೆ ನಿಂತರು.

"ಏನ್ ತಗ್ಯಾಕತ್ತೀರಿ ಸಾಹೇಬ್ರ?"

"ಆ ಗಿಡ ರೀ ಕಾಕಾ. ನೀರಾಗ ನಿಂತೈತಲ್ಲ, ಭಾಳ ಚೆಂದ ಕಾಣಾಕತ್ತೈತಿ."

"ಹೌದು, ಅದು ಮೊದಲಿಂದಾನೂ ಚೆಂದ" ಅಂದರು. "ನಮ್ಮ ಹಿತ್ತಲದ್ದು."

ಸಿಟ್ಟಿಲ್ಲ, ಕಣ್ಣೀರಿಲ್ಲ. ಬಸ್ ಯಾವಾಗ ಬರ್ತೈತಿ ಅಂತ ಹೇಳಿದ ಹಾಗೆ. ಆಮೇಲೆ ಕಲ್ಲಿನ ಮೇಲೆ ಕೂತು ನೀರಿನ ಮೇಲೆ ಬೆರಳಾಡಿಸಿ ಊರು ಹಾಕಿ ತೋರಿಸಿದರು. ಅಕಾ ಅಲ್ಲಿ ಹನಮಪ್ಪನ ಗುಡಿ. ಅದರ ಬಾಜೂಕ ಊರ ಅಗಸಿ. ಅಲ್ಲಿಂದ ಒಳಗ ಬಂದ್ರ ಮೂರನೇದು ನಮ್ಮ ಮನಿ. ಮನಿ ಮುಂದ ಎರಡು ಹಗೇವು, ಒಂದೊಂದರಾಗ ಇಡೀ ವರ್ಷದ ಜ್ವಾಳ ಹಿಡೀತಿತ್ತು. ಊರು ಬಿಡುವಾಗ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲಾ ಬಿಚ್ಚಿ ಎತ್ತಿನ ಗಾಡಿಯಲ್ಲಿ ಪುನರ್ವಸತಿ ಕೇಂದ್ರಕ್ಕೆ ಒಯ್ದಿದ್ದರಂತೆ. ಹಗೇವು ಒಯ್ಯಲು ಬರುವುದಿಲ್ಲವಲ್ಲ.

ಸೂರ್ಯ ಇಳಿದ. ತೆಗೆದ ಚಿತ್ರ ತೋರಿಸಿದೆ. ಕಣ್ಣು ಸಣ್ಣ ಮಾಡಿ ಬಹಳ ಹೊತ್ತು ನೋಡಿದರು.

"ಗಿಡ ಚಲೋ ಬಂದೈತಿ. ಮನಿ ಎಲ್ಲೈತಿ?"

ನಾನು ಸುಮ್ಮನಿದ್ದೆ. "ಬ್ಯಾಸಗ್ಯಾಗ ಬಾ ತಮ್ಮಾ," ಅಂದರು, ಸಾಹೇಬ್ರ ಬಿಟ್ಟು ತಮ್ಮಾಗೆ ಬಂದಿದ್ದರು. "ಮೇ ತಿಂಗಳದಾಗ ನೀರು ಪೂರಾ ಇಳೀತೈತಿ. ಆಗ ಒಂದು ತಗದು ಕೊಡು."

ಮೇ ತಿಂಗಳಲ್ಲಿ ಹೋದೆ. ಬಿರಿದ ಎರೆಮಣ್ಣು, ಸತ್ತ ಚಿಪ್ಪು, ಹರಿದ ಮೀನಿನ ಬಲೆ, ಪ್ಲಾಸ್ಟಿಕ್ಕು. ಕಾಕಾ ಮುಂದೆ, ನಾನು ಹಿಂದೆ. ಹುಣಸೆ ಮರದ ಹತ್ತಿರ ಬರುತ್ತಲೇ ಅವರ ನಡಿಗೆ ಬದಲಾಯಿತು. ಬಯಲಿನಲ್ಲಿ ಅಡ್ಡಾದಿಡ್ಡಿ ನಡೆಯುತ್ತಿದ್ದವರು ಓಣಿ ಹಿಡಿದವರ ಹಾಗೆ ನೆಟ್ಟಗೆ ಹೋಗಿ ಎಡಕ್ಕೆ ಹೊರಳಿದರು. ನೆಲದಲ್ಲಿ ಒಂದೆರಡು ಸಾಲು ಬುನಾದಿ ಕಲ್ಲು ಉಳಿದಿತ್ತು. ಒಂದು ಒಳ್ಳು, ಅರ್ಧ ಹೂತದ್ದು. ಹಗೇವಿನ ಬಾಯಿ ಹೂಳು ತುಂಬಿ ದುಂಡಗೆ ಕಾಣುತ್ತಿತ್ತು. ಅವರು ಒಂದು ಕಡೆ ನಿಂತು ಚಪ್ಪಲಿ ಬಿಟ್ಟರು, ಆಮೇಲೆ ಒಳಗೆ ಕಾಲಿಟ್ಟರು. ಒಳಗೆ ಅಂತ ನಾನು ಬರೆಯುತ್ತಿದ್ದೇನೆ, ಅಲ್ಲಿ ಒಳಗೆ ಹೊರಗೆ ಏನೂ ಇರಲಿಲ್ಲ.

ಹನ್ನೊಂದು ಗಂಟೆಯ ಬಿಸಿಲು ತಲೆಯ ಮೇಲೆ ಸುಡುತ್ತಿತ್ತು. ಲ್ಯಾಂಡ್‌ಸ್ಕೇಪ್ ಕಲಿಸುವ ಯಾರೂ ಈ ಹೊತ್ತಿಗೆ ಕ್ಯಾಮೆರಾ ಹೊರಗೆ ತೆಗೆಯಬೇಡಿ ಅನ್ನುತ್ತಾರೆ. ನೆರಳಿಲ್ಲ, ಬಣ್ಣವಿಲ್ಲ, ಆಳವಿಲ್ಲ. ಎಲ್ಲಿ ನಿಂತು ತೆಗೆಯಬೇಕು ಅನ್ನುವುದನ್ನೂ ಅವರೇ ಹೇಳಿದರು. ಅಗಸಿಯ ಕಡೆಯಿಂದ, ಮನೆ ಪೂರಾ ಬರಬೇಕು, ಹಿಂದೆ ಗಿಡ ಕಾಣಬೇಕು. ಸಂಜೆಯ ಚಿತ್ರಕ್ಕೆ ನಾನು ಹುಡುಕಿ ಹುಡುಕಿ ಹಿಡಿದಿದ್ದ ಕೋನ ಅವರ ಮನೆಯ ಹಿಂಬದಿಯದು, ಬಚ್ಚಲ ನೀರು ಹೋಗುವ ಕಡೆಯದು. ಮುಂಬಾಗಿಲ ಕಡೆಯಿಂದ ನೋಡಿದರೆ ಮರ ಬೇರೆಯೇ ಆಗಿತ್ತು. ಮನೆಯ ಎಡಭುಜಕ್ಕೆ ಒರಗಿ ನಿಂತ ಹಾಗೆ.

ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಪುನರ್ವಸತಿ ಕೇಂದ್ರದ ಅವರ ಮನೆಗೆ ಒಯ್ದೆ. ದೇವರ ಫೋಟೋಗಳ ಸಾಲಿನಲ್ಲೇ ಮೊಳೆ ಹೊಡೆದರು. ಮೊಮ್ಮಗ ಬಂದು ನೋಡಿ, "ಯಜ್ಜಾ, ಇದರಾಗ ಬರೇ ಮಣ್ಣೈತಲ್ಲೋ" ಅಂದ. ಕಾಕಾ ಅವನನ್ನು ಎತ್ತಿಕೊಂಡು ಕಾಜಿನ ಮೇಲೆ ಬೆರಳಿಟ್ಟು ಶುರು ಮಾಡಿದರು: ಇದು ಪಡಸಾಲಿ, ಇದು ಅಡಗಿಮನಿ, ಇಲ್ಲಿ ನಿಮ್ಮಪ್ಪ ಹುಟ್ಯಾನು. ನಾನು ರೊಟ್ಟಿ, ಶೇಂಗಾ ಚಟ್ನಿ ಉಂಡು ಏಳುವಷ್ಟರಲ್ಲಿ ಅವರು ದನದ ಕೊಟ್ಟಿಗೆಯವರೆಗೆ ಬಂದಿದ್ದರು.

ಆ ಸಂಜೆಯ ಹುಣಸೆ ಮರದ ಚಿತ್ರ ನನ್ನಲ್ಲಿ ಈಗಲೂ ಇದೆ. ಚೆಂದದ ಚಿತ್ರವೇ, ಅದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ. ನೀರು ತಾನಾಗಿ ಯಾರನ್ನೂ ಮುಳುಗಿಸಲಿಲ್ಲ. ಕಾಕಾ ಕೂಡ ನೀರಿನ ಮೇಲೆ ಸಿಟ್ಟಾಗಿದ್ದನ್ನು ನಾನು ನೋಡಿಲ್ಲ. ಅವರ ಆಡು ಕುಡಿಯುವುದು ಅದನ್ನೇ, ನೀರಿಳಿದ ಜಾಗದಲ್ಲಿ ಅವರ ಮಗ ಕಡಲೆ ಬಿತ್ತುವುದೂ ಅದರ ತೇವಕ್ಕೇ. ಆದರೆ ಅದಕ್ಕೆ ಶೀರ್ಷಿಕೆಯಾಗಿ 'ಏಕಾಂತ' ಅಂತ ಇಟ್ಟಿದ್ದೆ, ಈಗ ತೆಗೆದು ಊರಿನ ಹೆಸರು ಬರೆದಿದ್ದೇನೆ. ಮೂರನೇ ಮನೆ ಅಂತ ಕೂಡ.

ಈ ನೀರಿನ ಲೆಕ್ಕ ಇನ್ನೂ ಮುಗಿದಿಲ್ಲ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ, ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವಿನ ನಲವತ್ತೆರಡು ವರ್ಷ ಈ ದಂಡೆಯ ಜನ 'ಮುಳುಗಡಿ' ಅನ್ನುವ ಶಬ್ದದ ಜೊತೆ ಸಂಸಾರ ಮಾಡಿದರು. ಈಗ ನೀರು ನಿಲ್ಲುವುದು 519.60 ಮೀಟರಿಗೆ. 2010ರ ಡಿಸೆಂಬರಿನಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿನವರೆಗೆ ನಿಲ್ಲಿಸಬಹುದು ಅಂದಿತು. ವ್ಯತ್ಯಾಸ ಹದಿನೈದು ಅಡಿ. ಮಲೆನಾಡಿನ ಕಣಿವೆಯಲ್ಲಾದರೆ ಹದಿನೈದು ಅಡಿ ಗುಡ್ಡದ ಪಾದದಲ್ಲೇ ಮುಗಿಯುತ್ತದೆ. ನಮ್ಮ ಬಯಲಿನಲ್ಲಿ ಅದು ಹೊಲದಿಂದ ಹೊಲಕ್ಕೆ ಹರಿದು ಹೋಗುತ್ತದೆ. 20 ಹಳ್ಳಿ, ಬಾಗಲಕೋಟೆಯ 11 ವಾರ್ಡು, 75 ಸಾವಿರ ಎಕರೆಗೂ ಮಿಕ್ಕಿ ಭೂಮಿ. ಇದರಿಂದ ನೀರು ಕಾಣುವ ಹೊಲಗಳೂ ಬಹಳ ಇವೆ, ಅವು ಬೇರೆ ತಾಲೂಕಿನವು, ಅಲ್ಲಿಯ ರೈತರೂ ಕಾಯುತ್ತಿದ್ದಾರೆ. ಎರಡೂ ಮಾತು ನಿಜ.

ಒಂದು ದಿನ ಎತ್ತರದ ದಂಡೆಯೊಂದರ ಮೇಲೆ, ಈ ಜಾಗವಾದರೂ ಪಕ್ಕಾ ಆಯಿತು ಅಂತ ಟ್ರೈಪಾಡ್ ಊರುವಾಗ ಬೈಕಿನಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ನಿಲ್ಲಿಸಿ ನಕ್ಕ. "ಅಣ್ಣಾರ, ನೀವು ನಿಂತ ಜಾಗಾನೂ ಮುಳುಗಡಿ ಐತ್ರಿ." ಅವನ ಮನೆಯೂ ಅದೇ ಅಳತೆಯಲ್ಲಿದೆ. ಮನೆಗೆ ಗಿಲಾವು ಮಾಡಿಸಬೇಕೋ ಬೇಡವೋ, ಇನ್ನೊಂದು ಕೋಣೆ ಎತ್ತಬೇಕೋ ಬೇಡವೋ ಅಂತ ಅವನಪ್ಪ ಹತ್ತು ವರ್ಷದಿಂದ ಯೋಚನೆ ಮಾಡುತ್ತಿದ್ದಾನಂತೆ. ಸೊಸೆ ಬಂದರೆ ಎಲ್ಲಿರಬೇಕು ಅಂತ ತಾಯಿ ಜಗಳಾಡುತ್ತಾಳಂತೆ. ಪರಿಹಾರದ ಮಾತು ಪ್ರತಿ ಚುನಾವಣೆಗೂ ಬರುತ್ತದೆ, ಹೋಗುತ್ತದೆ. ನೀರು ಬರುವುದೂ ಇಲ್ಲ, ಬರುವುದಿಲ್ಲ ಅಂತ ಯಾರೂ ಬರೆದುಕೊಡುವುದೂ ಇಲ್ಲ.

ಕಾಕಾನ ಮನೆಯ ಮಣ್ಣಿನ ಚಿತ್ರದ ಸುದ್ದಿ ನೆಂಟರಿಷ್ಟರ ಮೂಲಕ ಅಂಥ ಹಳ್ಳಿಗಳಿಗೂ ಹೋಗಿದೆ. ಈಗ ನನಗೆ ಫೋನು ಬರುತ್ತದೆ. "ನೀವು ಮನಿ ಫೋಟೋ ತಗೀತೀರಂತಲ್ಲ, ನಮ್ಮದೂ ಒಂದು ತಗದಿಡ್ರಿ. ನಿಂತಿರೂ ಮನೀದು." ಹೋಗುತ್ತೇನೆ. ಇದುವರೆಗೆ ಹದಿನಾಲ್ಕು ಮನೆ ಆಗಿವೆ. ಬೆಳಕು ಚೆನ್ನಾಗಿರುತ್ತದೆ, ನಸುಕಿನಲ್ಲಿ ಬರುತ್ತೇನೆ ಅಂದರೆ ಯಾರೂ ಒಪ್ಪುವುದಿಲ್ಲ. ಅಷ್ಟೊತ್ತಿಗೆ ಕಸ ಹೊಡೆದಿರುವುದಿಲ್ಲ, ಹುಡುಗರ ಜಳಕ ಆಗಿರುವುದಿಲ್ಲ. ಹತ್ತು ಗಂಟೆಗೆ ಬರ್ರಿ ಅನ್ನುತ್ತಾರೆ. ಹೋಗುವಷ್ಟರಲ್ಲಿ ಅಂಗಳಕ್ಕೆ ನೀರು ಹೊಡೆದಿರುತ್ತಾರೆ, ಹೊಸ್ತಿಲಿಗೆ ರಂಗೋಲಿ ಬಿದ್ದಿರುತ್ತದೆ. ಎಲ್ಲರೂ ಇಳಕಲ್ ಸೀರೆ, ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲ ಮುಂದೆ ನಿಲ್ಲುತ್ತಾರೆ.

ಹೋದ ರವಿವಾರದ ಮನೆಯಲ್ಲಿ ಅಜ್ಜಿ ಮಾತ್ರ ನಿಲ್ಲಲು ಒಪ್ಪಲಿಲ್ಲ. ಹಿತ್ತಲಿಗೆ ಕರೆದೊಯ್ದು ಬೇವಿನ ಗಿಡ ತೋರಿಸಿ, ಮೊದಲು ಇದರದ್ದು ತಗಿ ಅಂದಳು. ಮುಂದಿನಿಂದಲೋ ಹಿಂದಿನಿಂದಲೋ ಯಜ್ಜೀ ಅಂತ ಕೇಳಿದೆ. ಒಂದು ಸುತ್ತು ಹಾಕಿ ನೋಡಿ, ಒರಳಿನ ಪಕ್ಕದ ಒಂದು ಕಲ್ಲಿನ ಮೇಲೆ ನನ್ನನ್ನು ನಿಲ್ಲಿಸಿದಳು.